ಕೈಯಾರೆ ಕಟ್ಟಿದ ನಾವೆ

ಬಡಗಿಯು ಮಾಡಿದ ಮೇಜು ಕುಂಟಿದರೆ ಅದರ ಕಾಲಿನ ಕೆಳಗೆ ಒಂದು ಚಕ್ಕೆಯನ್ನಿಟ್ಟು ನಾವು ಸರಿಮಾಡಿಕೊಳ್ಳುತ್ತೇವೆ. ದೋಣಿಯನ್ನು ಕಟ್ಟುವವನಿಗೆ ಈ ಸೌಕರ್ಯವಿಲ್ಲ. ಅವನ ತಪ್ಪನ್ನು ಕಂಡುಹಿಡಿಯುವುದು ನೀರು. ಆ ವೇಳೆಗೆ ಅವನು ದಡದಲ್ಲಿರುವುದಿಲ್ಲ. ಒಬ್ಬನೇ ಮನುಷ್ಯನು ತನ್ನ ಕೈಯಾರೆ ಕಟ್ಟಿ, ತಾನೊಬ್ಬನೇ ಏರಿ ಹೋದ ಒಂದು ಹಾಯಿಹಡಗಿನ ವೃತ್ತಾಂತವನ್ನು ಈ ಹೊತ್ತು ಶ್ರೋತೃಗಳ ಮುಂದಿಡುತ್ತೇವೆ.

ಆತನು ಜೋಷುವಾ ಸ್ಲೋಕಮ್. ಈಗ ಕೆನಡಾಕ್ಕೆ ಸೇರಿರುವ ನೋವಾ ಸ್ಕೋಷಿಯದಲ್ಲಿ 1844ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಸಮುದ್ರವನ್ನು ಸೇರಿ, ಅಮೆರಿಕದ ಹಾಯಿಹಡಗುಗಳ ಕ್ಯಾಪ್ಟನ್ ಆದವನು. ಆತನ ನಡುವಯಸ್ಸಿನ ಹೊತ್ತಿಗೆ ಉಗಿಹಡಗುಗಳು ಬಲಿತು, ಹಾಯಿಯ ಕಸಬು ಕ್ಷೀಣಿಸಿತು. ಕಲಿತ ವಿದ್ಯೆಯೆಲ್ಲ ಕೈಯಲ್ಲಿತ್ತು, ಅದನ್ನು ಬೇಡುವವರಿರಲಿಲ್ಲ. ಹೀಗಿರಲು 1892ರ ಚಳಿಗಾಲದಲ್ಲಿ ಹಳೆಯ ಮಿತ್ರನೊಬ್ಬನು, ಕೊಂಚ ರಿಪೇರಿಯಾಗಬೇಕಾದ ಹಡಗೊಂದನ್ನು ಕೊಡುವೆನೆಂದನು. ಮಸಾಚುಸೆಟ್ಸ್ ಪ್ರಾಂತದ ಫೇರ್‌ಹೇವನ್‌ಗೆ ಹೋಗಿ ನೋಡಿದರೆ, ಹೊಲವೊಂದರಲ್ಲಿ ಊರೆಗೋಲುಗಳ ಮೇಲೆ ಕ್ಯಾನ್ವಾಸ್ ಬಟ್ಟೆ ಹೊದ್ದು ನಿಂತಿದ್ದ ಮುದಿ ನಾವೆ! ಅದರ ಹೆಸರು 'ಸ್ಪ್ರೇ', ಎಂದರೆ ನೀರಿನ ತುಂತುರು. ಒಡೆದುಹಾಕಲು ಬಂದಿರುವನೆಂದು ಊರವರು ತಿಳಿದರು. ಮತ್ತೆ ಕಟ್ಟುವೆನೆಂದಾಗ ಅವರು ಕೇಳಿದ ಪ್ರಶ್ನೆ ಒಂದೇ: ಇದರಿಂದ ಲಾಭವುಂಟೆ?

ಸ್ಲೋಕಮ್ ಕೊಡಲಿಯನ್ನು ಹಿಡಿದನು. ಹತ್ತಿರದ ಓಕ್ ಮರವೊಂದನ್ನು ಕಡಿದು, ಹಡಗಿಗೆ ಬೆನ್ನೆಲುಬಿನಂತಿರುವ ಅಡಿಮರವನ್ನು ಸಿದ್ಧಗೊಳಿಸಿದನು. ನೆಟ್ಟಗಿರುವ ಎಳೆಯ ಮರಗಳನ್ನು ಕೆತ್ತಿ, ಉಗಿಯ ಪೆಟ್ಟಿಗೆಯಲ್ಲಿ ಬೇಯಿಸಿ ಮೆತ್ತಗೆಮಾಡಿ, ದಿಮ್ಮಿಯೊಂದರ ಮೇಲೆ ಬಗ್ಗಿಸಿ ಬಿಗಿದಿಟ್ಟನು. ಆರಿದ ಮೇಲೆ ಅವು ಆ ಬಾಗನ್ನೇ ಉಳಿಸಿಕೊಂಡು ಹಡಗಿನ ಪಕ್ಕೆಲುಬುಗಳಾದುವು. ಅವುಗಳ ಮೇಲೆ ಒಂದೂವರೆ ಅಂಗುಲ ದಪ್ಪದ ಪೈನ್ ಹಲಗೆಗಳನ್ನು ಹೊದಿಸಿದನು. ಹಲಗೆ ಹಲಗೆಗಳ ನಡುವಣ ಸಂದಿಗೆ ಹತ್ತಿಯನ್ನು ಉಳಿಯಿಂದ ಜಡಿಯುತ್ತಿದ್ದಾಗ, ದಾರಿಹೋಕರು ಅದು ಜಾರಿ ಹೊರಬರುವುದೆಂದು ಎಚ್ಚರಿಸಿದರು. ಆತನು ಅದರ ಮೇಲೆ ಹಳೆಯ ಹಗ್ಗವನ್ನು ಬಿಡಿಸಿದ ನಾರನ್ನೂ ಜಡಿದನು. ನೀರಿಗಿಳಿದಾಗ ಮರವು ಉಬ್ಬಿ ಈ ತುಂಬನ್ನು ಅವುಚಿಕೊಳ್ಳುತ್ತದೆ. ಸಂದಿ ತಾನಾಗಿ ಬಿಗಿಯುತ್ತದೆ. ಹತ್ತಿಯು ಜಾರಲಿಲ್ಲ.

ಹೀಗೆ ಒಂದೊಂದು ಭಾಗವೂ ಹೊಸದಾಯಿತು. ಹೆಸರು ಮಾತ್ರ ಹಳೆಯದೇ ಉಳಿಯಿತು. ಸಾಮಾನಿಗೆ ತಗುಲಿದ ವೆಚ್ಚ 553 ಡಾಲರು 62 ಸೆಂಟು. ದುಡಿಮೆ 13 ತಿಂಗಳು. ಕೈಯಲ್ಲಿ ಹಣ ಸಾಲದಾದಾಗ ಬಂದರಿನ ತಿಮಿಂಗಿಲದ ಬೇಟೆಯ ಹಡಗುಗಳಲ್ಲಿ ಕೂಲಿಮಾಡಿದ್ದೂ ಉಂಟು. ಸಿದ್ಧವಾದ ನಾವೆಯ ಉದ್ದ 36 ಅಡಿ 9 ಅಂಗುಲ.

1895ರ ಏಪ್ರಿಲ್ 24ರಂದು, ತನ್ನ 51ನೆಯ ವಯಸ್ಸಿನಲ್ಲಿ, ಆತನು ಬಾಸ್ಟನ್ನಿನಿಂದ ಒಬ್ಬನೇ ಹೊರಟನು. ಆಸ್ಟ್ರೇಲಿಯದ ಉತ್ತರದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗೆ 2,700 ಮೈಲು. ಚುಕ್ಕಾಣಿಯನ್ನು ಕಟ್ಟಿಹಾಕಿ, ಹಾಯಿಗಳನ್ನು ಹದಗೊಳಿಸಿ ಬಿಟ್ಟರೆ ನಾವೆ ತನ್ನ ದಾರಿಯನ್ನು ತಾನೇ ಹಿಡಿಯುತ್ತಿತ್ತು. ಆ 23 ದಿನಗಳಲ್ಲಿ ಆತನು ಚುಕ್ಕಾಣಿಯ ಬಳಿ ಕಳೆದುದು ಒಟ್ಟು ಮೂರು ಗಂಟೆಗೆ ಮೀರಲಿಲ್ಲ. ಹೊಲದ ಓಕ್‌ನಿಂದ ಮಾಡಿದ ಮುಂಗಂಬವು ಆ ದ್ವೀಪಗಳ ಹವಳದ ಬಂಡೆಯೊಂದಕ್ಕೆ ತಾಗಿದಾಗ ಬಂಡೆಯೇ ಸೀಳಿತು, ಮರಕ್ಕೆ ಗಾಯವಾಗಲಿಲ್ಲ. 1898ರ ಜೂನ್ 27ರಂದು, ಸುಮಾರು 46,000 ಮೈಲುಗಳ ಯಾನವನ್ನು ಮುಗಿಸಿ, ನ್ಯೂಪೋರ್ಟ್ ಬಂದರಿನಲ್ಲಿ ಲಂಗರು ಹಾಕಿದನು. ಭೂಮಿಯನ್ನು ಒಂಟಿಯಾಗಿ ಹಾಯಿಯಲ್ಲಿ ಸುತ್ತಿಬಂದವರಲ್ಲಿ ಆತನೇ ಮೊದಲಿಗನು.

ಇದನ್ನು ಬರಿಯ ಸಾಹಸವೆಂದು ಹೊಗಳಿ ಸುಮ್ಮನಾದರೆ ಸಾಲದೆಂದು ನಮಗೆ ತೋರುತ್ತದೆ. ಬಿರುಗಾಳಿಯ ರಾತ್ರಿಯಲ್ಲಿ ಹಡಗಿನ ಮರ ಕಿರುಗುಟ್ಟಿದಾಗ, ಅದು ಯಾವ ಹಲಗೆ, ಅದರ ಹಿಂದೆ ಯಾವ ಪಕ್ಕೆಲುಬು ಎಂಬುದನ್ನು ಆತನು ಬಲ್ಲವನಾಗಿದ್ದನು. ಹೊಲದಲ್ಲಿ ಕಳೆದ 13 ತಿಂಗಳು ಆ ತಿಳಿವಳಿಕೆಗೆ ತೆತ್ತ ಬೆಲೆ. ಉಗಿಹಡಗುಗಳನ್ನು ಆತನು ಹಿಂದಟ್ಟಲಿಲ್ಲ, ಹಾಯಿಯ ಕಸಬನ್ನು ಮರಳಿ ತರಲಿಲ್ಲ. ಕಡೆಗೆ 1909ರಲ್ಲಿ ಅದೇ ನಾವೆಯಲ್ಲಿ ಹೊರಟವನು ಹಿಂದಿರುಗಿ ಬರಲಿಲ್ಲ. ಕೈಗೆಲಸವು ಮನುಷ್ಯನಿಗೆ ಅಭಯವನ್ನು ಬರೆದುಕೊಡುವುದಿಲ್ಲ.

ಆದರೂ 1900ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ನಾವೆಯ ಅಳತೆ ಆಕಾರಗಳನ್ನು ಕೊಟ್ಟನು. ಅದನ್ನನುಸರಿಸಿ ಎಷ್ಟೋ ಮಂದಿ ತಮ್ಮ 'ಸ್ಪ್ರೇ'ಗಳನ್ನು ಕಟ್ಟಿದರು. ಮನೆಯಂಗಳದಲ್ಲಿ ಬಾಚಿ ಉಳಿಗಳನ್ನು ಹಿಡಿದು ನಿಂತವನನ್ನು ಲಾಭವುಂಟೆ ಎಂದು ಕೇಳುವವರು ಎಂದೂ ಇದ್ದೇ ಇರುತ್ತಾರೆ. ಅವನು ಉತ್ತರವನ್ನು ಆಗಲೇ ಕೊಡಬೇಕಾಗಿಲ್ಲ. ಬಣ್ಣ ಬಳಿದ ಮೇಲೆ ಯಾರಿಗೂ ಕಾಣದ ಸಂದಿಯನ್ನು ಅವನು ಪೂರ್ತಿಯಾಗಿ ತುಂಬಿದ್ದರೆ ಸಾಕು.