ಡಿಶ್ ಮತ್ತು ಮೊಬೈಲ್ ಕಂಪನಿ ಒಂದಾಗುವಾಗ ನಾವು ಕೇಳಬೇಕಾದ್ದೇನು?



2025ರ ಫೆಬ್ರುವರಿ ಕೊನೆಯ ವಾರದಲ್ಲಿ ಭಾರ್ತಿ ಏರ್‌ಟೆಲ್ ಷೇರುಪೇಟೆಗೆ ಒಂದು ವಿವರಣೆ ಕೊಡ್ತು. ತನ್ನ ಡಿಟಿಎಚ್ ವ್ಯವಹಾರವನ್ನೂ ಟಾಟಾ ಸಮೂಹದ ಟಾಟಾ ಪ್ಲೇಯನ್ನೂ ಒಂದು ಮಾಡುವ ಬಗ್ಗೆ ಮಾತುಕತೆ ನಡೀತಿದೆ ಅಂತ. ಮೇ ತಿಂಗಳ ಮೊದಲ ವಾರದಲ್ಲಿ ಇನ್ನೊಂದು ವಿವರಣೆ ಬಂತು. ಇಬ್ಬರಿಗೂ ಸಮಾಧಾನ ಆಗುವಂಥ ದಾರಿ ಸಿಗಲಿಲ್ಲ, ಮಾತುಕತೆ ನಿಲ್ಲಿಸಿದ್ದೇವೆ ಅಂತ. ಹೆಣ್ಣು ನೋಡಿ, ಕಾಫಿ ಕುಡಿದು, ಜಾತಕ ಕೂಡಿ ಬರಲಿಲ್ಲ ಅಂತ ಎದ್ದು ಹೋದ ಹಾಗೆ.

ಹಾಗಾದ್ರೆ ಮುಗಿದುಹೋದ ವಿಷಯ ಈಗ್ಯಾಕೆ ಅಂತ ಕೇಳಬಹುದು. ಇಂಥ ಪ್ರಸ್ತಾಪ ಇವತ್ತಲ್ಲ ನಾಳೆ ಮತ್ತೆ ಬರುತ್ತೆ ಅನ್ನೋದು ನನ್ನ ಅಂದಾಜು. ಟ್ರಾಯ್ ಅಂಕಿಅಂಶ ನೋಡಿ. 2021ರ ಆರಂಭದಲ್ಲಿ ದೇಶದಲ್ಲಿ ದುಡ್ಡು ಕೊಟ್ಟು ಡಿಟಿಎಚ್ ನೋಡುತ್ತಿದ್ದ ಮನೆಗಳು ಹೆಚ್ಚುಕಮ್ಮಿ 7 ಕೋಟಿ. 2025ರ ಮಾರ್ಚ್ ಹೊತ್ತಿಗೆ ಅದು 5.7 ಕೋಟಿಯ ಆಸುಪಾಸಿಗೆ ಇಳಿದಿದೆ. ವ್ಯಾಪಾರ ಇಳೀತಾ ಇದ್ದಾಗ ಇಬ್ಬರು ವ್ಯಾಪಾರಿಗಳು ಒಂದೇ ಅಂಗಡಿ ಮಾಡಿಕೊಳ್ಳೋಣ ಅಂತ ಯೋಚಿಸೋದು ಸಹಜ. ನನ್ನ ಪ್ರಶ್ನೆ ಅವರದ್ದಲ್ಲ, ಗಿರಾಕಿಯದ್ದು. ಈ ಮದುವೆ ಆದಾಗ ನಮ್ಮ ಪರವಾಗಿ ಕಾಗದದ ಮೇಲೆ ಏನು ಬರೆಸಿಕೊಳ್ಳಬೇಕು?

ಮೊದಲು, ಉಪಗ್ರಹ ಟಿವಿಗೂ ಮೊಬೈಲ್ ಕಂಪನಿಗೂ ಈ ಆಕರ್ಷಣೆ ಯಾಕೆ ಅಂತ ನೋಡೋಣ. ಮನೆ ಮೇಲಿನ ಡಿಶ್ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹದ ಕಡೆ ಮುಖ ಮಾಡಿ ಕೂತಿರುತ್ತೆ. ಆ ಉಪಗ್ರಹದಿಂದ ಬರೋ ಸಂಕೇತವನ್ನು ಒಂದು ಮನೆ ಹಿಡಿದರೂ ಅಷ್ಟೇ ಖರ್ಚು, ಒಂದು ಕೋಟಿ ಮನೆ ಹಿಡಿದರೂ ಅಷ್ಟೇ ಖರ್ಚು. ಬೆಂಗಳೂರಿನ ಅಪಾರ್ಟ್‌ಮೆಂಟೂ ಒಂದೇ, ಆಗುಂಬೆ ಪಕ್ಕದ ಒಂಟಿ ಮನೆಯೂ ಒಂದೇ. ಆದ್ರೆ ಅದು ಒನ್ ವೇ. ಮೇಲಿಂದ ಕೆಳಗೆ ಬರುತ್ತೆ, ಕೆಳಗಿಂದ ಮೇಲೆ ಏನೂ ಹೋಗಲ್ಲ. ಮೊಬೈಲ್ ಮತ್ತು ಫೈಬರ್ ಹಾಗಲ್ಲ. ಅಲ್ಲಿ ಎರಡೂ ಕಡೆ ಓಡಾಟ ಇದೆ, ಆದ್ರೆ ನೋಡುಗರು ಹೆಚ್ಚಿದಷ್ಟೂ ಟವರು, ಕೇಬಲ್ಲು, ಖರ್ಚು ಎಲ್ಲ ಹೆಚ್ಚುತ್ತೆ. ಒಬ್ಬನ ಹತ್ರ ಇಲ್ಲದ್ದು ಇನ್ನೊಬ್ಬನ ಹತ್ರ ಇದೆ. ಜೊತೆಗೆ ಟಿವಿ, ವೈಫೈ, ಫೋನು ಮೂರಕ್ಕೂ ಸೇರಿಸಿ ಒಂದೇ ಬಿಲ್ ಕಳಿಸಿದ್ರೆ ಗಿರಾಕಿ ಸುಲಭಕ್ಕೆ ಬಿಟ್ಟು ಹೋಗಲ್ಲ. ಕಾಗದದ ಮೇಲೆ ಲೆಕ್ಕ ಚೆನ್ನಾಗೇ ಇದೆ.

ಈ ಲೆಕ್ಕವನ್ನು ನಂಬಿ ಅತಿ ದೊಡ್ಡ ಪಣ ಕಟ್ಟಿದ್ದು ಅಮೆರಿಕದ ಎಟಿ ಆ್ಯಂಡ್ ಟಿ. 2014ರ ಮೇ 18ರಂದು ಅದು ಡೈರೆಕ್‌ಟಿವಿ ಅನ್ನೋ ಉಪಗ್ರಹ ಟಿವಿ ಕಂಪನಿಯನ್ನು ಕೊಂಡುಕೊಳ್ಳುವುದಾಗಿ ಘೋಷಿಸ್ತು. ಷೇರಿಗೆ 95 ಡಾಲರ್, ಒಟ್ಟು 4,850 ಕೋಟಿ ಡಾಲರ್. ಡೈರೆಕ್‌ಟಿವಿಯ ಸಾಲವನ್ನೂ ಸೇರಿಸಿದರೆ 6,710 ಕೋಟಿ ಡಾಲರ್. ಡೈರೆಕ್‌ಟಿವಿಗೆ ಅಮೆರಿಕದಲ್ಲೇ ಸುಮಾರು 2 ಕೋಟಿ ಗಿರಾಕಿಗಳಿದ್ದರು. ಭಾನುವಾರದ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳನ್ನೆಲ್ಲ ತೋರಿಸುವ ಹಕ್ಕೂ ಅದರ ಕೈಲಿತ್ತು. ಆ ಹಕ್ಕು ನವೀಕರಣ ಆಗದಿದ್ದರೆ ಖರೀದಿಯಿಂದ ಹಿಂದೆ ಸರಿಯಬಹುದು ಅಂತ ಒಪ್ಪಂದದಲ್ಲೇ ಬರೆಸಿಕೊಂಡಿದ್ದರು. ನಮ್ಮಲ್ಲಿ ಐಪಿಎಲ್ ಹಕ್ಕಿಗೆ ಎಷ್ಟು ಬೆಲೆಯೋ, ಅಲ್ಲಿ ಇದಕ್ಕೆ ಅಷ್ಟು ಬೆಲೆ ಅಂತಿಟ್ಟುಕೊಳ್ಳಿ.

ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2015ರ ಜುಲೈನಲ್ಲಿ, ಒಂದು ವರ್ಷದ ಮೇಲಿನ ಪರಿಶೀಲನೆ ಆದ ಮೇಲೆ. ಸುಮ್ಮನೆ ಕೊಡಲಿಲ್ಲ. ನಾಲ್ಕು ವರ್ಷದೊಳಗೆ 1.25 ಕೋಟಿ ಮನೆ, ಅಂಗಡಿಗಳ ಬಾಗಿಲವರೆಗೆ ಫೈಬರ್ ಎಳೀಬೇಕು ಅಂತ ಷರತ್ತು ಹಾಕ್ತು. ಸರ್ಕಾರದ ಆಹಾರ ನೆರವು ಪಡೆಯುವ ಬಡ ಕುಟುಂಬಗಳಿಗೆ ಕಡಿಮೆ ದರದ ಇಂಟರ್‌ನೆಟ್ ಕೊಡಬೇಕು ಅಂತು. ಆಮೇಲೆ ಕಂಪನಿ ತಿಂಗಳಿಗೆ 10 ಡಾಲರ್‌ನ ಯೋಜನೆ ತಂತು. ಮನೆ ಬ್ರಾಡ್‌ಬ್ಯಾಂಡ್‌ನಲ್ಲಿ ತನ್ನ ವಿಡಿಯೋ ನೋಡಿದರೆ ಡೇಟಾ ಲೆಕ್ಕಕ್ಕಿಲ್ಲ, ಬೇರೆಯವರದ್ದು ನೋಡಿದರೆ ಮಾತ್ರ ಲೆಕ್ಕ ಅನ್ನೋ ಆಟ ಆಡಬಾರದು ಅಂತಲೂ ಹೇಳ್ತು. ಇದೆಲ್ಲ ಆಗ್ತಿದೆಯಾ ಅಂತ ನೋಡೋಕೆ ಹೊರಗಿನ ಒಬ್ಬ ಸ್ವತಂತ್ರ ಅಧಿಕಾರಿ ಇರಬೇಕು ಅಂತಲೂ ವಿಧಿಸ್ತು.

ಆಮೇಲೆ ಏನಾಯ್ತು? ಜನ ಡಿಶ್ ಇಳಿಸಿ ನೆಟ್‌ಫ್ಲಿಕ್ಸ್, ಯೂಟ್ಯೂಬ್ ಕಡೆ ಹೊರಟರು. ಖರೀದಿ ಮುಗಿದಾಗ ಡೈರೆಕ್‌ಟಿವಿ ಮತ್ತು ಎಟಿ ಆ್ಯಂಡ್ ಟಿಯ ಸ್ವಂತ ಟಿವಿ ಸೇವೆ ಸೇರಿ ಅಮೆರಿಕದಲ್ಲಿ 2.6 ಕೋಟಿ ಗಿರಾಕಿಗಳಿದ್ದರು. ಆರು ವರ್ಷದಲ್ಲಿ ಅದು ಒಂದೂವರೆ ಕೋಟಿಯ ಆಸುಪಾಸಿಗೆ ಬಂತು. 2020ರ ಕೊನೆಯ ತ್ರೈಮಾಸಿಕದಲ್ಲಿ ಕಂಪನಿ ಟಿವಿ ವ್ಯವಹಾರದ ಮೌಲ್ಯವನ್ನು 1,550 ಕೋಟಿ ಡಾಲರ್‌ನಷ್ಟು ಕಡಿಮೆ ಮಾಡಿ ಲೆಕ್ಕ ಬರೆದುಕೊಳ್ತು. 2021ರಲ್ಲಿ ಟಿಪಿಜಿ ಅನ್ನೋ ಹೂಡಿಕೆ ಸಂಸ್ಥೆಗೆ ಶೇ 30ರಷ್ಟು ಪಾಲು ಕೊಟ್ಟಾಗ ಇಡೀ ಡೈರೆಕ್‌ಟಿವಿಗೆ ಕಟ್ಟಿದ ಬೆಲೆ 1,625 ಕೋಟಿ ಡಾಲರ್. ಸಾಲ ಸೇರಿಸಿ 6,710 ಕೋಟಿಗೆ ತಗೊಂಡಿದ್ದು, ನೆನಪಿರಲಿ. ಆ ಫುಟ್‌ಬಾಲ್ ಹಕ್ಕು 2023ರಿಂದ ಯೂಟ್ಯೂಬ್ ಪಾಲಾಯ್ತು. ಉಳಿದ ಶೇ 70ರಷ್ಟು ಪಾಲನ್ನೂ ಎಟಿ ಆ್ಯಂಡ್ ಟಿ 2025ರ ಜುಲೈನಲ್ಲಿ ಟಿಪಿಜಿಗೇ ಬಿಟ್ಟುಕೊಟ್ಟು ಕೈತೊಳೆದುಕೊಳ್ತು.

ಈ ಕಥೆಯನ್ನು ಸಾಮಾನ್ಯವಾಗಿ ‘ದೊಡ್ಡ ಕಂಪನಿಯ ದೊಡ್ಡ ತಪ್ಪು’ ಅಂತ ಹೇಳಿ ಮುಗಿಸ್ತಾರೆ. ಷೇರುದಾರರ ಕಡೆಯಿಂದ ನೋಡಿದ್ರೆ ಸರಿಯೇ. ನನಗೆ ಮುಖ್ಯ ಅನ್ನಿಸೋದು ಬೇರೆ. ಖರೀದಿಯ ಉದ್ದೇಶವಾಗಿದ್ದ ಡಿಶ್ ಹೋಯ್ತು. ಕ್ರೀಡಾ ಹಕ್ಕು ಹೋಯ್ತು. ಒಂದೇ ಬಿಲ್ಲಿನ ಕನಸೂ ಹೋಯ್ತು. ನೆಲದಲ್ಲಿ ಉಳಿದಿದ್ದು ಯಾವುದು? ನಿಯಂತ್ರಕರು ಅಂಕಿ, ಗಡುವು ಹಾಕಿ ಬರೆಸಿಕೊಂಡ ಆ ಫೈಬರ್. 2019ರ ಹೊತ್ತಿಗೆ ಕಂಪನಿ ಆ 1.25 ಕೋಟಿಯ ಗುರಿ ದಾಟಿತ್ತು. 2025ರ ಮಧ್ಯಕ್ಕೆ ಅದರ ಫೈಬರ್ ತಲುಪಿದ ಜಾಗಗಳು 3 ಕೋಟಿ. ಕಂಪನಿಗೂ ಫೈಬರ್ ಬೇಕಿತ್ತು, ಅದು ನಿಜ. ಆದ್ರೆ ಬೇಕು ಅನ್ನೋದು ಬೇರೆ, ಇಷ್ಟು ಮನೆ, ಇಷ್ಟು ವರ್ಷ, ತಪ್ಪಿದರೆ ಉತ್ತರ ಕೊಡಬೇಕು ಅನ್ನೋದು ಬೇರೆ.

ಆ ಷರತ್ತಿನಲ್ಲೂ ಒಂದು ದೊಡ್ಡ ತೂತಿತ್ತು. ಎಟಿ ಆ್ಯಂಡ್ ಟಿಯ ನೆಲದ ಕೇಬಲ್ ಜಾಲ ಇದ್ದದ್ದು 21 ರಾಜ್ಯಗಳಲ್ಲಿ ಮಾತ್ರ. ಡೈರೆಕ್‌ಟಿವಿಯ ಡಿಶ್‌ಗಳು 50 ರಾಜ್ಯಗಳಲ್ಲೂ ಇದ್ದವು. ಉಳಿದ 29 ರಾಜ್ಯಗಳ ಡಿಶ್ ಮನೆಗಳಿಗೆ ಈ ಖರೀದಿಯಿಂದ ಎಟಿ ಆ್ಯಂಡ್ ಟಿಯ ಫೈಬರ್ ಬರುವ ಮಾತೇ ಇರಲಿಲ್ಲ. ಫೈಬರ್ ಇರೋ ಕಡೆಗೇ ಇನ್ನಷ್ಟು ಫೈಬರ್ ಹೋಯ್ತು.

ಈಗ ನಮ್ಮ ಕಡೆ ಬರೋಣ, ಯಾಕಂದ್ರೆ ಈ ತೂತು ನಮಗೆ ನೇರವಾಗಿ ಸಂಬಂಧಪಟ್ಟಿದ್ದು. ಕರ್ನಾಟಕದಲ್ಲಿ ಡಿಶ್ ಯಾರ ಮನೆ ಮೇಲಿದೆ? ಪೇಟೆಯಲ್ಲೂ ಇದೆ, ಆದ್ರೆ ಪೇಟೆಯವರಿಗೆ ಕೇಬಲ್, ಫೈಬರ್, ಮೊಬೈಲ್ ಡೇಟಾ ಅಂತ ನಾಲ್ಕು ದಾರಿ ಇದೆ. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ ದಾಟಬೇಕು, ಅಲ್ಲಿಗೆ ಕೇಬಲ್‌ನವರು ಬರಲ್ಲ. ಮೊಬೈಲ್ ಸಿಗ್ನಲ್ ಬೇಕಂದ್ರೆ ಅಂಗಳದ ಮೂಲೆಗೋ ತೋಟದ ದಿಬ್ಬಕ್ಕೋ ಹೋಗಿ ನಿಲ್ಲಬೇಕು. ಜೋರು ಮಳೆ ಹಿಡಿದಾಗ ಡಿಶ್ ಸಿಗ್ನಲ್ಲೂ ಕೈಕೊಡುತ್ತೆ, ಆದ್ರೂ ವರ್ಷದ ಬಹುಪಾಲು ದಿನ ಅಲ್ಲಿಗೆ ಸುದ್ದಿ, ಸೀರಿಯಲ್, ಕ್ರಿಕೆಟ್ ಎಲ್ಲ ತರೋದು ಅದೇ.

ಈ ಡಿಶ್‌ಗಳ ಹಿಂದೆ ನಮ್ಮದೇ ರಾಜ್ಯದ ಕೆಲಸವೂ ಇದೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಇಸ್ರೊ ತಯಾರಿಸಿದ ಜಿಸ್ಯಾಟ್-24 ಉಪಗ್ರಹ 2022ರ ಜೂನ್‌ನಲ್ಲಿ ಕಕ್ಷೆಗೆ ಹೋಯ್ತು. ಅದರ ಪೂರ್ತಿ ಸಾಮರ್ಥ್ಯ ಟಾಟಾ ಪ್ಲೇಗೆ ಗುತ್ತಿಗೆ. ಇಂಥ ಉಪಗ್ರಹಗಳ ಮೇಲೆ ಕಣ್ಣಿಟ್ಟು ನಡೆಸೋ ಕೇಂದ್ರ ಇರೋದು ನಮ್ಮ ಹಾಸನದಲ್ಲಿ. ಜಿಸ್ಯಾಟ್-24ರ ಆಯಸ್ಸು 15 ವರ್ಷ ಅಂತ ಲೆಕ್ಕ. ಅಂದ್ರೆ 2037ರ ಹೊತ್ತಿನವರೆಗೂ ಮೇಲಿನ ವ್ಯವಸ್ಥೆ ಇರುತ್ತೆ. ಕೆಳಗೆ ಅದನ್ನು ಯಾರು ನಡೆಸ್ತಾರೆ, ಎಷ್ಟಕ್ಕೆ ಕೊಡ್ತಾರೆ ಅನ್ನೋದೇ ಪ್ರಶ್ನೆ.

ಬೆಲೆಯ ವಿಷಯಕ್ಕೆ ಬಂದ್ರೆ, 2024ರ ಜುಲೈವರೆಗೆ ನೆಟ್‌ವರ್ಕ್ ಶುಲ್ಕಕ್ಕೆ ಟ್ರಾಯ್ ಮಿತಿ ಇತ್ತು. 200 ಚಾನೆಲ್‌ವರೆಗೆ 130 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 160, ಮೇಲೆ ತೆರಿಗೆ. ಆ ಮಿತಿಯನ್ನು ತೆಗೆದರು. ಸ್ಪರ್ಧೆಯೇ ಬೆಲೆಯನ್ನು ಹಿಡಿತದಲ್ಲಿಡುತ್ತೆ ಅನ್ನೋದು ಅದರ ಹಿಂದಿನ ನಂಬಿಕೆ. ಸರಿ, ದುಡ್ಡು ತಗೊಳ್ಳೋ ಡಿಟಿಎಚ್ ಕಂಪನಿಗಳು ಇರೋದೇ ನಾಲ್ಕು: ಟಾಟಾ ಪ್ಲೇ, ಏರ್‌ಟೆಲ್, ಡಿಶ್ ಟಿವಿ, ಸನ್ ಡೈರೆಕ್ಟ್. ಎರಡು ಸೇರಿದರೆ ಮೂರು. ತಿಂಗಳ ದುಡ್ಡಿಲ್ಲದ ಡಿಡಿ ಫ್ರೀ ಡಿಶ್ ಇದೆ, ಅದರಲ್ಲಿ ಚಂದನ ಸಿಗುತ್ತೆ. ಆದ್ರೆ ಮನೆಮಂದಿ ಕಾಯೋ ಎಲ್ಲ ಕನ್ನಡ ಸೀರಿಯಲ್ಲೂ ಅಲ್ಲಿ ಸಿಗಲ್ಲ.

ಹಾಗಾಗಿ ಮುಂದೆ ಯಾವುದೇ ಡಿಶ್ ಕಂಪನಿ, ಯಾವುದೇ ಮೊಬೈಲ್ ಕಂಪನಿ ಒಂದಾಗೋಕೆ ಹೊರಟರೂ ಮೂರು ವಿಷಯ ಬರೆಸಿಕೊಳ್ಳಬೇಕು ಅಂತ ನನ್ನ ವಾದ.

ಒಂದು, ಬರೀ ಟಿವಿ ಬೇಕು ಅನ್ನೋರಿಗೆ ಬರೀ ಟಿವಿ ಸಿಗಬೇಕು, ನ್ಯಾಯವಾದ ದರಕ್ಕೆ. ವೈಫೈ ಜೊತೆಗೆ ತಗೊಂಡರೆ ಮಾತ್ರ ಅಗ್ಗ ಅಂದ್ರೆ, ವೈಫೈ ತಲುಪದ ಊರಿನವರು ಏನು ಮಾಡಬೇಕು? ಪೇಟೆಯವರ ರಿಯಾಯಿತಿಯ ಭಾರ ಅವರ ತಲೆ ಮೇಲೆ ಬೀಳಬಾರದು.

ಎರಡು, ಬಾಕ್ಸು ಮತ್ತು ಡಿಶ್. ಒಂದು ಕಂಪನಿಯ ಸೆಟ್ ಟಾಪ್ ಬಾಕ್ಸ್ ಇನ್ನೊಂದರಲ್ಲಿ ನಡೆಯಲ್ಲ. ಯಾವ ಕಂಪನಿಗೂ ಹೊಂದುವಂಥ ಬಾಕ್ಸ್ ಬೇಕು ಅಂತ ಟ್ರಾಯ್ 2020ರಲ್ಲೇ ಶಿಫಾರಸು ಮಾಡಿತ್ತು, ಮನೆಗಳಿಗೆ ಅದು ಬಂದಿಲ್ಲ. ವಿಲೀನದ ನಂತರ ಉಪಗ್ರಹ ಬದಲಾಯಿಸಿದರೆ ಡಿಶ್ ತಿರುಗಿಸುವ, ಬಾಕ್ಸ್ ಬದಲಿಸುವ ಪೂರ್ತಿ ಖರ್ಚು ಕಂಪನಿಯದ್ದೇ ಅಂತ ಇರಬೇಕು.

ಮೂರು, ಇದೇ ಮುಖ್ಯ. ಬ್ರಾಡ್‌ಬ್ಯಾಂಡ್ ವಿಸ್ತರಣೆಯ ಅಂಕಿ ಇರಬೇಕು, ಗಡುವು ಇರಬೇಕು, ಮತ್ತು ಅದರಲ್ಲಿ ಒಂದು ಪಾಲು ಡಿಶ್ ಬಿಟ್ಟರೆ ಬೇರೆ ದಾರಿ ಇಲ್ಲದ ಪಿನ್‌ಕೋಡ್‌ಗಳಿಗೇ ಅಂತ ಮೀಸಲಿರಬೇಕು. ಅಮೆರಿಕದವರು ಬಿಟ್ಟ ತೂತು ಇದು.

ಖಾಸಗಿ ಕಂಪನಿಗಳು ತಮ್ಮ ದುಡ್ಡಲ್ಲಿ ಮಾಡೋ ವ್ಯವಹಾರಕ್ಕೆ ಇಷ್ಟೆಲ್ಲ ಷರತ್ತು ಯಾಕೆ ಅಂತ ಕೆಲವರು ಕೇಳ್ತಾರೆ. ಮಾತುಕತೆ ಮುರಿದಿದ್ದೇ ಲೆಕ್ಕ ಸರಿಹೋಗದೆ, ಇನ್ನೂ ಭಾರ ಹೇರಿದ್ರೆ ಯಾರೂ ಮುಂದೆ ಬರಲ್ಲ ಅಂತ. ಇದರಲ್ಲಿ ಹುರುಳಿದೆ. ಆದ್ರೆ ಡಿಟಿಎಚ್ ನಡೀತಿರೋದು ಸರ್ಕಾರದ ಪರವಾನಗಿ ಮೇಲೆ, ಮೊಬೈಲ್ ನಡೀತಿರೋದು ಸಾರ್ವಜನಿಕ ತರಂಗಾಂತರದ ಮೇಲೆ. ಷರತ್ತು ಹಾಕೋದು ನಮ್ಮಲ್ಲಿ ಹೊಸದೂ ಅಲ್ಲ. 2024ರ ಆಗಸ್ಟ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಮಾಧ್ಯಮ ವ್ಯವಹಾರಗಳ ವಿಲೀನಕ್ಕೆ ಸ್ಪರ್ಧಾ ಆಯೋಗ ಒಪ್ಪಿಗೆ ಕೊಟ್ಟಿದ್ದು ಕೆಲವು ಬದಲಾವಣೆಗಳನ್ನು ಪಾಲಿಸಬೇಕು ಅನ್ನೋ ಷರತ್ತಿನ ಮೇಲೇ. ಕ್ರಿಕೆಟ್ ಜಾಹೀರಾತಿನ ಬಗ್ಗೆ ಷರತ್ತು ಹಾಕಬಹುದಾದರೆ, ಕೊನೆಯ ಊರಿನ ಡಿಶ್ ಬಗ್ಗೆಯೂ ಹಾಕಬಹುದು.

ಇಂಥ ಪ್ರಸ್ತಾಪ ಬಂದಾಗ ಆಯೋಗ, ಟ್ರಾಯ್, ವಾರ್ತಾ ಮತ್ತು ಪ್ರಸಾರ ಸಚಿವಾಲಯಗಳಿಗೆ ಸಾರ್ವಜನಿಕರು ಬರೀಬಹುದು. ಟ್ರಾಯ್ ತನ್ನ ಸಮಾಲೋಚನಾ ಪತ್ರಗಳಿಗೆ ಜನರ ಅಭಿಪ್ರಾಯ ಕೇಳುತ್ತೆ, ಬರೆದವರ ಉತ್ತರಗಳನ್ನು ಪ್ರಕಟಿಸುತ್ತೆ ಕೂಡ. ಅಲ್ಲಿ ಕಂಪನಿಗಳ ಉತ್ತರ ಪುಟಗಟ್ಟಲೆ ಇರುತ್ತೆ. ಹಳ್ಳಿಯ ಗಿರಾಕಿಯ ಉತ್ತರ ಹುಡುಕಿದರೂ ಸಿಗೋದು ಕಷ್ಟ. ನಿಮ್ಮೂರಿನಲ್ಲಿ ಡಿಶ್ ಬಿಟ್ಟರೆ ಬೇರೆ ದಾರಿ ಇಲ್ಲ ಅಂದ್ರೆ, ಅದನ್ನು ಊರಿನ ಹೆಸರು, ಮನೆಗಳ ಸಂಖ್ಯೆ ಸಮೇತ ಬರೆದು ಕಳಿಸಿ. ನಮಗೂ ಒಂದು ಪ್ರತಿ ಕಳಿಸಿ, ಮುಂದಿನ ಸಂಚಿಕೆಯೊಂದರಲ್ಲಿ ಓದ್ತೀನಿ.