ಸದ್ದು ಮಾಡದ ನಕ್ಷೆ

ನಿಮ್ಮಲ್ಲಿ ಯಾರ ಕೈಯಲ್ಲಾದರೂ ಇಂದಿನ ಪತ್ರಿಕೆ ಇದ್ದರೆ ಒಮ್ಮೆ ಮಡಿಸಿ ನೋಡಿ. ಆ ಸರಬರ ಸದ್ದು ಕೇಳಿತಲ್ಲ? ನಮಗೆ ಅದು ಬೆಳಗಿನ ಕಾಫಿಯ ಜೊತೆಗಾರ. ಎರಡನೆಯ ಮಹಾಯುದ್ಧದಲ್ಲಿ ಶತ್ರುನೆಲಕ್ಕೆ ಬಿದ್ದ ವೈಮಾನಿಕನಿಗೆ ಅದೇ ಸದ್ದು ಸೆರೆಮನೆಯ ದಾರಿ ತೋರಿಸಬಹುದಿತ್ತು.

ವಿಮಾನ ಹಾರಿಸುವಾಗ ಆತ ಬಳಸುತ್ತಿದ್ದುದು ಕಾಗದದ ನಕ್ಷೆಯನ್ನೇ. ಪೆನ್ಸಿಲಿನಿಂದ ಗೆರೆ ಎಳೆಯಲು ಅದೇ ಅನುಕೂಲ. ಆದರೆ ಪ್ಯಾರಾಚೂಟಿನಲ್ಲಿ ಹೊಲಕ್ಕೋ ಹೊಳೆಗೋ ಇಳಿದವನಿಗೆ ಅದು ಒದಗುವುದಿಲ್ಲ. ನೆನೆದರೆ ಮುದ್ದೆ, ಮಡಿಸಿ ಮಡಿಸಿ ಚೂರು. ಶತ್ರು ಸೈನಿಕ ಮೈ ತಡವಿದರಂತೂ ಸದ್ದು.

1939ರ ಡಿಸೆಂಬರಿನಲ್ಲಿ ಬ್ರಿಟನ್ 'ಎಂಐ9' ಎಂಬ ಗುಪ್ತ ವಿಭಾಗ ತೆರೆಯಿತು. ತನ್ನ ಸೈನಿಕರು ಸೆರೆಯಿಂದ ಪಾರಾಗಲು ನೆರವಾಗುವುದು ಅದರ ಕೆಲಸ. ಅಲ್ಲಿಗೆ ಬಂದವರು ಕ್ರಿಸ್ಟೋಫರ್ ಕ್ಲೇಟನ್ ಹಟನ್. ಯೌವನದಲ್ಲಿ ಇವರು ಮಾಂತ್ರಿಕ ಹುಡಿನಿಗೇ ಸವಾಲು ಹಾಕಿ ಮರದ ಪೆಟ್ಟಿಗೆಯೊಳಗೆ ಕೂಡಿಸಿದ್ದರು. ಹುಡಿನಿ ಬಡಗಿಗೆ ದುಡ್ಡು ಕೊಟ್ಟು ಸಲೀಸಾಗಿ ಹೊರಬಂದ! ಇಂಥ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಅರ್ಹತೆ ಬೇಕೆ?

ಹಟನ್ ಕೈಹಾಕಿದ್ದು ರೇಷ್ಮೆಗೆ. ಎಡಿನ್‌ಬರೋದ ಬಾರ್ಥಲೋಮ್ಯೂ ಸಂಸ್ಥೆ ತನ್ನ ನಕ್ಷೆಗಳನ್ನು ಉಚಿತವಾಗಿ ಕೊಟ್ಟಿತು. ತೊಡಕು ಬಂದದ್ದು ಮುದ್ರಣದಲ್ಲಿ. ಬಟ್ಟೆಯ ಮೇಲೆ ಶಾಯಿ ಹರಡಿಕೊಂಡು ನದಿ, ರಸ್ತೆ, ಗಡಿ ಎಲ್ಲ ಕಲಸಿಹೋಗುತ್ತಿದ್ದವು. ಉಪಾಯ ಸಿಕ್ಕಿದ್ದು ಅಡುಗೆಮನೆಯ ವಸ್ತುವಿನಲ್ಲಿ! ಹಣ್ಣಿನ ಜಾಮ್ ಗಟ್ಟಿಯಾಗಲು ಕಾರಣವಾದ ಪೆಕ್ಟಿನ್ ಬೆರೆಸಿದಾಗ ಶಾಯಿ ನಿಂತಲ್ಲೇ ನಿಂತಿತು. ಇಸ್ಪೀಟೆಲೆ, ಮೊನೊಪೊಲಿ ಆಟ ತಯಾರಿಸುತ್ತಿದ್ದ ಲೀಡ್ಸ್‌ನ ವಾಡಿಂಗ್‌ಟನ್ ಸಂಸ್ಥೆ ಈ ನಕ್ಷೆಗಳನ್ನೂ ಅಚ್ಚುಹಾಕಿತು. ಎರಡೂ ಬದಿಗೆ ಮುದ್ರಿಸಿದರೂ ಮಡಿಸಿದರೆ ಅಂಗೈಯೊಳಗೆ ಅಡಗುವಷ್ಟು. ಕೋಟಿನ ಅಸ್ತರಿಗೆ ಹೊಲಿದುಬಿಟ್ಟರೆ ಮುಟ್ಟಿದರೂ ತಿಳಿಯದು. ಜೊತೆಗೆ ಗುಂಡಿಯೊಳಗೆ ಅಡಗಿಸಿದ ಪುಟ್ಟ ದಿಕ್ಸೂಚಿ. ಗೆಲ್ಲಲು ಹೊರಟವನ ಉಡುಪಿನಲ್ಲೇ ಸೋಲಿಗೂ ಸಿದ್ಧತೆ ಮಾಡಿದ ಈ ವಿವೇಕ ನನಗೆ ಆ ಯುದ್ಧದ ಎಷ್ಟೋ ಆಯುಧಗಳಿಗಿಂತ ದೊಡ್ಡದೆನಿಸುತ್ತದೆ.

ಆದರೆ ರೇಷ್ಮೆ ಪ್ಯಾರಾಚೂಟಿಗೂ ಬೇಕಿತ್ತು. ಜಪಾನಿನ ರೇಷ್ಮೆ ನಿಂತಿತ್ತು. ನಮ್ಮ ಮೈಸೂರು ಸೀಮೆಯ ರೇಷ್ಮೆಗೆ ಆ ವರ್ಷಗಳಲ್ಲಿ ಬೇಡಿಕೆ ಏರಿದ್ದೂ ಪ್ಯಾರಾಚೂಟಿನಿಂದಲೇ. ಹಾಗಾಗಿ ನಕ್ಷೆಗೆ ಕೃತಕ ರೇಷ್ಮೆಯಾದ ರೇಯಾನ್ ಬಂತು. ಅಮೆರಿಕದ ವಾಯುಪಡೆಯ ಬಟ್ಟೆ ನಕ್ಷೆಗಳು ಹೆಚ್ಚಾಗಿ ಇದರವೇ. ಇನ್ನೊಂದು, ನಮ್ಮ ಹಿಪ್ಪುನೇರಳೆಯ ಬಳಗದ ಮರದ ನಾರಿನಿಂದ ಮಾಡಿದ ತೆಳು ಕಾಗದ. ಉಂಡೆ ಕಟ್ಟಿದರೂ ಸದ್ದಿಲ್ಲ, ನೀರಿಗೆ ಹಾಕಿ ಬಿಡಿಸಿದರೂ ಹರಿಯದು. ಇದು ಚದುರಂಗದ ಪೆಟ್ಟಿಗೆ, ಗ್ರಾಮಫೋನ್ ತಟ್ಟೆಗಳೊಳಗೆ ಅಡಗಿ ಸೆರೆಶಿಬಿರ ಸೇರಿತು.

1945ರಲ್ಲಿ ಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಬಟ್ಟೆಯ ಪಡಿತರ 1949ರವರೆಗೆ ನಡೆಯಿತು. ಉಳಿದ ನಕ್ಷೆಗಳು ಮಾರಾಟಕ್ಕೆ ಬಂದಾಗ ಹೆಂಗಸರು ಕೊಂಡು ರವಿಕೆ, ಒಳಉಡುಪು ಹೊಲಿದುಕೊಂಡರು. ಗಡಿಗೆರೆ, ರೈಲುಹಾದಿಗಳು ಹಾಗೇ ಉಳಿದಿರುವ ಅಂಥ ಉಡುಪುಗಳು ಅಲ್ಲಿನ ಕೆಲವು ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಇವೆ.