ನಮಸ್ಕಾರಕ್ಕೆ ನಮಸ್ಕಾರವೇ ಉತ್ತರ

(ವಿದ್ಯಾರ್ಥಿನಿಲಯದ ಗೆಳೆಯರ ಮುಂದೆ ಆಡಿದ ಮಾತಿನ ಬರಹರೂಪ)

ಗೆಳೆಯರೆ,

ನಿಮ್ಮಲ್ಲಿ ಬಹಳ ಜನ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದ್ತಾ ಇದ್ದೀರಿ. ಸಾಮಾನ್ಯ ಜ್ಞಾನಕ್ಕೆ ಗೈಡು ಇದೆ, ಗಣಿತಕ್ಕೆ ಗೈಡು ಇದೆ. ಕೆಲಸಕ್ಕೆ ಸೇರಿದ ಮೊದಲ ದಿನ ಕಚೇರಿ ಬಾಗಿಲಲ್ಲಿ ನಿಂತಾಗ ಯಾರಿಗೆ, ಹೇಗೆ ನಮಸ್ಕಾರ ಹೇಳಬೇಕು ಅನ್ನೋದಕ್ಕೆ ಗೈಡಿಲ್ಲ. ಅನುಕೂಲಸ್ಥರ ಮನೆ ಹುಡುಗನಿಗೆ ಅದು ಬೇಕಾಗಿಯೂ ಇಲ್ಲ. ಅವನ ಮಾವನೋ ಚಿಕ್ಕಪ್ಪನೋ ಅಂಥ ಕುರ್ಚಿಯಲ್ಲಿ ಕೂತೆದ್ದವರು. ನಮ್ಮ ಕೇರಿಗಳಲ್ಲಿ ಎಷ್ಟೋ ಮನೆಗೆ ಕಚೇರಿ ಮೆಟ್ಟಿಲು ಹತ್ತುವ ಮೊದಲನೆಯವರು ನಾವೇ. ಆದ್ದರಿಂದ ಇದನ್ನು ಸಣ್ಣ ವಿಷಯ ಅನ್ನಬೇಡಿ.

ನಮ್ಮ ಅಪ್ಪಂದಿರಿಗೆ ಒಂದು ನಮಸ್ಕಾರ ಗೊತ್ತಿತ್ತು. "ಅಡ್ಡಬಿದ್ದೆ ಬುದ್ದಿ." ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಬರಬೇಕು, ಕಾಲಿನ ಮೆಟ್ಟು ಕೈಗೆ ಬರಬೇಕು, ಬೆನ್ನು ಬಾಗಬೇಕು. ಆ ಕಡೆಯಿಂದ ಬರುತ್ತಿದ್ದ ಉತ್ತರ "ಏನ್ಲಾ", ಇಲ್ಲವೆ ಬರೀ "ಹೂಂ". ಅಂದರೆ ಅದು ಹೋಗುತ್ತಿತ್ತು, ತಿರುಗಿ ಬರುತ್ತಿರಲಿಲ್ಲ. ತಿರುಗಿ ಬಾರದ ನಮಸ್ಕಾರವನ್ನು ನಮಸ್ಕಾರ ಅನ್ನೋದು ಹೇಗೆ? ಅದು ಕಂದಾಯ. ಬೆನ್ನಿನಿಂದ ಕಟ್ಟಿದ ಕಂದಾಯ.

ಹರಳಯ್ಯನ ಕತೆ ನಿಮಗೆಲ್ಲ ಗೊತ್ತು. ದಾರಿಯಲ್ಲಿ ಬಸವಣ್ಣನಿಗೆ ಹರಳಯ್ಯ "ಶರಣು" ಅಂದ. ಬಸವಣ್ಣ "ಶರಣು ಶರಣಾರ್ಥಿ" ಅಂದ. ಒಂದು ಶರಣಿಗೆ ಎರಡು ಬಂತಲ್ಲಾ, ಈ ಸಾಲ ಹೇಗೆ ತೀರಿಸಲಿ ಅಂತ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರು ಅನ್ನುತ್ತಾರೆ. ಮಠಗಳಲ್ಲಿ ಇದನ್ನು ಭಕ್ತಿಯ ಕತೆಯಾಗಿ ಹೇಳ್ತಾರೆ. ನಾವು ಇನ್ನೊಂದು ಕಡೆಯಿಂದ ನೋಡೋಣ. ಬಸವಣ್ಣ ಬಿಜ್ಜಳನ ಭಂಡಾರಿ, ದೊಡ್ಡ ಅಧಿಕಾರಿ. ಅಂಥವನು ಚಮ್ಮಾರನ ಶರಣಿಗೆ ಶರಣು ಅಂದದ್ದು ಸಾವಿರ ವರ್ಷಕ್ಕೆ ಒಂದು ಸಲ ನಡೆದ ಸುದ್ದಿಯಂತೆ ಕಂಡಿತಲ್ಲ, ಅದೇ ನಮ್ಮ ಸಮಾಜದ ಕತೆ. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ತಂದೆಯರಿಬ್ಬರನ್ನೂ ಕೊಲ್ಲಿಸಿದರು ಎಂದು ಶರಣರ ಕತೆಗಳು ಹೇಳುತ್ತವೆ. ನಮಸ್ಕಾರವನ್ನು ತಾಳಿಕೊಂಡ ಕಲ್ಯಾಣ ನೆಂಟಸ್ತನವನ್ನು ತಾಳಿಕೊಳ್ಳಲಿಲ್ಲ. ಇದು ನೆನಪಿರಲಿ. ನಮಸ್ಕಾರ ಬಾಗಿಲು ಮಾತ್ರ, ಅದೇ ಮನೆಯಲ್ಲ.

ಇನ್ನು ಕಚೇರಿಗೆ ಬರೋಣ. ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದರು. ಜವಾನರು ಫೈಲುಗಳನ್ನು ಅವರ ಕೈಗೆ ಕೊಡದೆ ದೂರದಿಂದ ಮೇಜಿಗೆ ಎಸೆಯುತ್ತಿದ್ದರೆಂದು ಅವರ ಜೀವನಚರಿತ್ರೆಗಳು ದಾಖಲಿಸಿವೆ. ಇರಲು ಜಾಗ ಸಿಗದೆ, ಇದ್ದ ಪಾರಸಿ ವಸತಿಯಿಂದಲೂ ಹೊರದಬ್ಬಿಸಿಕೊಂಡು ಆ ಊರು ಬಿಟ್ಟರು. ಪದವಿ ದೊಡ್ಡದಿದ್ದರೆ ಜಾತಿ ತಾನಾಗಿ ಕೈ ಮುಗಿಯುತ್ತದೆ ಅಂತ ನಂಬಿದವರು ಬರೋಡವನ್ನು ನೆನೆಯಬೇಕು.

ಈಗ ಯಾರೂ ಫೈಲು ಎಸೆಯೋದಿಲ್ಲ ಅನ್ನಬಹುದು. ಎಸೆಯುವ ರೀತಿ ಬದಲಾಗಿದೆ. ನೀವು ನಮಸ್ಕಾರ ಅಂದ ಕೂಡಲೇ ಬರುವ ಪ್ರಶ್ನೆಗಳನ್ನು ಕೇಳಿ. "ಯಾವೂರು? ಊರಲ್ಲಿ ಯಾವ ಕಡೆ ಮನೆ? ಪೂರ್ತಿ ಹೆಸರೇನು? ಯಾವ ಕೆಟಗರೀಲಿ ಬಂದ್ರಿ?" ಇದು ಕುಶಲ ಪ್ರಶ್ನೆಯಲ್ಲ, ತನಿಖೆ. ಉತ್ತರ ಸಿಕ್ಕ ಮೇಲೆ ಕೆಲವರ ನಗು ಅರ್ಧಕ್ಕೆ ನಿಲ್ಲುತ್ತದೆ. ಇಂಥ ಮಾತು ಎಷ್ಟು ಬಳಕೆಯಲ್ಲಿದೆಯೆಂದರೆ 1994ರಲ್ಲಿ ಬಂದ ಅರವಿಂದ ಮಾಲಗತ್ತಿಯವರ ಆತ್ಮಕಥೆಯ ಹೆಸರೇ 'ಗೌರ್ಮೆಂಟ್ ಬ್ರಾಹ್ಮಣ'.

ಹಾಗಾದರೆ ನಾವು ಏನು ಮಾಡಬೇಕು?

ಮೊದಲನೆಯದು. ನೆಟ್ಟಗೆ ನಿಂತು, ಮುಖ ನೋಡಿ, "ನಮಸ್ಕಾರ" ಅನ್ನಿ. ಬಾಗಿಲ ಜವಾನರಿಂದ ಸಾಹೇಬರವರೆಗೆ ಅದೇ ಮಾತು, ಅದೇ ದನಿ. ಹಿರಿಯರಿಗೆ ಮರ್ಯಾದೆ ಕೊಡಿ, ಬಗ್ಗಬೇಡಿ. ಉತ್ತರ ಬಾರದಿದ್ದರೆ ಮರುದಿನವೂ ಅನ್ನಿ. ನಾಲ್ಕು ದಿನವಾದರೂ ಉತ್ತರ ಬಾರದಿದ್ದರೆ ನಿಮ್ಮ ಕೆಲಸ ನೀವು ನೋಡಿಕೊಳ್ಳಿ. ಐದನೆಯ ದಿನ ಅದು ಮತ್ತೆ ಕಂದಾಯವಾಗುತ್ತದೆ.

ಎರಡನೆಯದು. ಕನ್ನಡದಲ್ಲಿ ಜಾತಿ 'ನೀನು' ಮತ್ತು 'ನೀವು' ನಡುವೆ ಅಡಗಿ ಕೂತಿದೆ. ಸಮವಯಸ್ಕರೆಲ್ಲ ಒಬ್ಬರಿಗೊಬ್ಬರು 'ಬಾರೋ, ಹೋಗೋ' ಅಂದರೆ ಅದು ಸ್ನೇಹ, ನೀವೂ ಅನ್ನಿ. ಒಂದೇ ದಿನ ಕೆಲಸಕ್ಕೆ ಸೇರಿದ ಇಬ್ಬರಲ್ಲಿ ಒಬ್ಬನಿಗೆ "ಬನ್ನಿ ರಾಯರೇ", ಇನ್ನೊಬ್ಬನಿಗೆ "ಬಾರೋ ಇಲ್ಲಿ" ಅಂದರೆ ಅದು ಸ್ನೇಹವಲ್ಲ. ಆಗ ಕೂಗಾಡಬೇಡಿ, ನುಂಗಲೂ ಬೇಡಿ. "ಸಾರ್, ನನ್ನನ್ನೂ ಬಹುವಚನದಲ್ಲಿ ಮಾತಾಡ್ಸಿ" ಅಂತ ಎಲ್ಲರಿಗೂ ಕೇಳುವಂತೆ ಒಂದು ಸಲ ಹೇಳಿ. ಆ ವಾಕ್ಯವನ್ನು ಇವತ್ತು ರಾತ್ರಿ ಹಾಸ್ಟೆಲಿನಲ್ಲೇ ಹೇಳಿ ಅಭ್ಯಾಸ ಮಾಡಿಕೊಳ್ಳಿ. ನಗಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಮಾತದು.

ಮೂರನೆಯದು. ಏಕವಚನಕ್ಕೆ ಕಾನೂನಿಲ್ಲ. ಜಾತಿ ಹೆಸರು ಹಿಡಿದು ಬೈದರೆ ಇದೆ. 1989ರ ದೌರ್ಜನ್ಯ ತಡೆ ಕಾಯಿದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಹಾಗೆ ಬೈಯುವುದನ್ನು ಅಪರಾಧ ಎನ್ನುತ್ತದೆ. ಆದರೆ ನಾಲ್ಕು ಗೋಡೆಯೊಳಗೆ ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಇದಕ್ಕೆ ಸೇರದು ಎಂದು ಸುಪ್ರೀಂ ಕೋರ್ಟು 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಎದುರಿಗೆ ಅಂದರು ಅನ್ನೋದನ್ನು ಅದೇ ದಿನ ಬರೆದಿಡಿ.

ನಾಲ್ಕನೆಯದು ನಮ್ಮ ಕಡೆಗೇ ತಿರುಗುವ ಮಾತು. ಕುರ್ಚಿ ಸಿಕ್ಕ ಮೇಲೆ ನಮ್ಮವರಲ್ಲೂ ಕೆಲವರು "ಹೂಂ" ಅನ್ನೋದು ಕಲಿಯುತ್ತಾರೆ. ಕಸ ಗುಡಿಸಲು ಬರುವ ಅಮ್ಮನನ್ನು "ಏಯ್, ಬಾ ಇಲ್ಲಿ" ಅನ್ನುತ್ತಾರೆ. ಆಕೆ ಈಗ ಹೊರಗುತ್ತಿಗೆಯವಳು, ಎಷ್ಟೋ ಕಡೆ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲ. ಆಕೆ ಬಹುಪಾಲು ನಮ್ಮ ಕೇರಿಯವಳೇ. ಊರಿನಿಂದ ಪಹಣಿ ಕೇಳಿಕೊಂಡು ಬಂದ ಮುದುಕ ಕಟ್ಟೆಯ ಆಚೆ ನಿಂತು "ಅಡ್ಡಬಿದ್ದೆ ಸ್ವಾಮಿ" ಅಂದಾಗ ಗುರುತೇ ಇಲ್ಲದವರಂತೆ ತಲೆ ತಗ್ಗಿಸಿ ಬರೆಯುತ್ತಾರೆ. ಆ ಮುದುಕನಿಗೆ "ನಮಸ್ಕಾರ ಯಜಮಾನ್ರೆ, ಕೂತ್ಕೊಳಿ" ಅನ್ನೋದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ. ಮೀಸಲಾತಿ ನಮಗೆ ಕುರ್ಚಿ ಕೊಟ್ಟದ್ದು ಆ ಮುದುಕ ಇನ್ನು ಬಾಗದಿರಲಿ ಅಂತ. ಅವನು ನಮ್ಮ ಮುಂದೆಯೇ ಬಾಗುವಂತಾದರೆ ಬದಲಾದದ್ದು ಏನು?

ಕೊನೆಯದಾಗಿ ಜೈ ಭೀಮ್. ನಾಗಪುರದ ಹತ್ತಿರದ ಕಾಮಠಿಯಲ್ಲಿ ಬೀಡಿ ಕಾರ್ಮಿಕರನ್ನು ಸಂಘಟಿಸಿದ ಬಾಬು ಹರದಾಸರು (1904–1939) ಇದನ್ನು ನಮಸ್ಕಾರದ ಮಾತಾಗಿ ಜನರ ಬಾಯಿಗೆ ತಂದವರು. ಇದರ ಬಲ ಇಲ್ಲಿದೆ: ಜೈ ಭೀಮ್ ಅಂದರೆ ಜೈ ಭೀಮ್ ಅಂತಲೇ ಉತ್ತರ. ಹೇಳಿದವನೂ ಕೇಳಿದವನೂ ಒಂದೇ ಎತ್ತರ. ಕಚೇರಿಯಲ್ಲಿ ಹೇಳಬಹುದೇ ಅಂತ ಕೇಳ್ತೀರಿ. ಅಲ್ಲಿ ರಾಮನ ಹೆಸರು, ಶಿವನ ಹೆಸರು ಹೇಳಿ ಕೈ ಮುಗಿಯುವವರು ದಿನಾ ಸಿಗುತ್ತಾರೆ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರ ಹೆಸರು ಹೇಳೋದಕ್ಕೆ ನಾವೇಕೆ ದನಿ ತಗ್ಗಿಸಬೇಕು? ಯಾರ ಮೇಲೂ ಹೇರಬೇಡಿ. ನಮ್ಮವರು ಎದುರು ಸಿಕ್ಕಾಗ ಸುತ್ತಮುತ್ತ ಯಾರಿದ್ದಾರೆ ಅಂತ ನೋಡಿ ನುಂಗಿಕೊಳ್ಳಲೂ ಬೇಡಿ.

ನಾಳೆ ಬೆಳಿಗ್ಗೆ ಹಾಸ್ಟೆಲಿನ ಅಡುಗೆಯವರಿಂದಲೇ ಶುರು ಮಾಡಿ. ಅವರಿಗೆ 'ನೀವು' ಅನ್ನಲು ಬಾರದವನು ಸಾಹೇಬರಿಂದ 'ನೀವು' ಕೇಳಿ ಪಡೆಯಲಾರ.

ಜೈ ಭೀಮ್.